ಅಲ್ಪಾಯು ಬೆಳಕಿಗೆ ಆಯುಷ್ಯದಾನ

ಗೋಡೆಯ ಮೇಲೆ ಹತ್ತಾರು ವರ್ಷ ತೂಗಿದ್ದ ಪಟವೊಂದನ್ನು ಸುಣ್ಣಬಣ್ಣದ ಕೆಲಸಕ್ಕಾಗಿ ಕೆಳಗಿಳಿಸಿದಾಗ, ಅದರ ಹಿಂದಿನ ಭಾಗ ಮಾತ್ರ ಹೊಸದರಂತೆ ಉಳಿದು, ಸುತ್ತಲಿನ ಗೋಡೆ ಮಾಸಿರುವುದನ್ನು ಮನೆಮಂದಿಯೆಲ್ಲ ಕಂಡಿರುತ್ತಾರೆ. ಪಟ ಹೋದರೂ ಪಟದ ಆಕಾರ ಹೋಗದು. ಇಂಥದೇ ಒಂದು ಛಾಯೆ ಇಂದಿನ ಕೆಲವು ಟೆಲಿವಿಷನ್ ಪರದೆಗಳ ಮೇಲೂ, ಕೈಯಲ್ಲಿ ಹಿಡಿಯುವ ಮೊಬೈಲ್ ಫೋನುಗಳ ಮೇಲೂ ಕಾಣಿಸಿಕೊಳ್ಳುವುದುಂಟು. ಮನೆಯ ಹಿರಿಯರು ದಿನವಿಡೀ ಒಂದೇ ವಾರ್ತಾವಾಹಿನಿಯನ್ನು ನೋಡುತ್ತಿದ್ದರೆ, ಕೆಲವು ವರ್ಷಗಳ ಬಳಿಕ ಆ ವಾಹಿನಿಯ ಲಾಂಛನವು ಮೂಲೆಯಲ್ಲಿ ಮಸುಕಾಗಿ ನೆಲೆನಿಂತುಬಿಡುತ್ತದೆ. ಮಕ್ಕಳು ಕ್ರಿಕೆಟ್ ಪಂದ್ಯ ಹಾಕಿದರೂ ಅದು ಅಲ್ಲಿಯೇ ಇರುತ್ತದೆ.

ಗೋಡೆಯಲ್ಲಿ ಮುಚ್ಚಿದ್ದ ಭಾಗವು ಮುಪ್ಪಾಗದೆ ಉಳಿಯಿತು. ಪರದೆಯಲ್ಲಿ ಹೆಚ್ಚು ಬೆಳಗಿದ ಭಾಗವು ಬೇಗ ಮುಪ್ಪಾಯಿತು. ಭೇದ ಇಷ್ಟೆ. ಬೆಳಕೆಂದರೆ ಅಳಿವಿಲ್ಲದ್ದು ಎಂದು ಭಾವಿಸುವುದು ವಾಡಿಕೆ. ಆದರೆ ಈ ಬೆಳಕು ಬೆಳಗುವುದರಿಂದಲೇ ಸವೆಯತಕ್ಕದ್ದು. ಇದನ್ನು ಸೂಸುವ ವಸ್ತುವಿನ ಹೆಸರು ಸಾವಯವ ಡಯೋಡು. ಲೋಕವೆಲ್ಲ ಅದನ್ನು ‘ಓಎಲ್‌ಇಡಿ’ ಎಂದು ಕರೆಯುತ್ತದೆ. ಅದರ ಆಯುಷ್ಯವನ್ನು ಹೆಚ್ಚಿಸಲು ರಸಾಯನ ವಿಜ್ಞಾನಿಗಳು ಪಟ್ಟ ಪಾಡಿನ ಕಥೆಯಲ್ಲಿ, ವಿದ್ಯುತ್ತನ್ನು ಹರಿಯಗೊಡುವ ಪ್ಲಾಸ್ಟಿಕ್ಕಿನ ಒಂದು ತೆಳುಪೊರೆಗೆ ವಿಶೇಷವಾದ ಸ್ಥಾನವಿದೆ.

ನೂರು ಗಂಟೆಯ ದೀಪ

ಸಾವಯವ ವಸ್ತುವಿನ ಮೂಲಕ ವಿದ್ಯುತ್ತನ್ನು ಹಾಯಿಸಿ ಬೆಳಕನ್ನು ಪಡೆಯಬಹುದೆಂಬ ಸಂಗತಿ ಹೊಸದಲ್ಲ. 1960ರ ದಶಕದಲ್ಲಿಯೇ ಆಂತ್ರಸೀನ್ ಎಂಬ ಹರಳಿನಲ್ಲಿ ಈ ಬೆಳಕನ್ನು ಕಂಡಿದ್ದರು. ಆದರೆ ಅದಕ್ಕೆ ನೂರಾರು ವೋಲ್ಟುಗಳ ಒತ್ತಡ ಬೇಕಾಗುತ್ತಿದ್ದುದರಿಂದ ಅದು ಪ್ರಯೋಗಶಾಲೆಯ ಕೌತುಕವಾಗಿ ಉಳಿಯಿತು.

ಈ ಕೌತುಕವನ್ನು ಉಪಯೋಗದ ದಾರಿಗೆ ತಂದವರು ಅಮೆರಿಕದ ರೋಚೆಸ್ಟರ್ ನಗರದ ಈಸ್ಟ್‌ಮನ್ ಕೊಡಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. ಛಾಯಾಚಿತ್ರದ ಫಿಲ್ಮಿಗೆ ಹೆಸರಾಗಿದ್ದ ಆ ಕಂಪನಿಯ ಪ್ರಯೋಗಶಾಲೆಯಲ್ಲಿ ಅವರು ಗಾಜಿನ ಮೇಲೆ ಎರಡು ಬಗೆಯ ಸಾವಯವ ಪದರಗಳನ್ನು ಒಂದರ ಮೇಲೊಂದು ಲೇಪಿಸಿದರು. ಎರಡೂ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚೇನೂ ಇರಲಿಲ್ಲ. ತಲೆಗೂದಲು ಅದಕ್ಕಿಂತ ನೂರಾರು ಪಟ್ಟು ದಪ್ಪ. ಹತ್ತು ವೋಲ್ಟಿಗೂ ಕಡಮೆಯಾದ ಒತ್ತಡದಲ್ಲಿ ಆ ಪದರವು ಉಜ್ಜ್ವಲವಾದ ಹಸಿರು ಬೆಳಕನ್ನು ಚೆಲ್ಲಿತು. ಚದರ ಮೀಟರೊಂದಕ್ಕೆ 1,000 ಕ್ಯಾಂಡೆಲಾ, ಎಂದರೆ ಅಷ್ಟು ಸ್ಥಳದಲ್ಲಿ ಹೆಚ್ಚು ಕಡಮೆ ಸಾವಿರ ಮೇಣದ ಬತ್ತಿಗಳನ್ನು ಹಚ್ಚಿಟ್ಟಷ್ಟು ಪ್ರಕಾಶ. 1987ರಲ್ಲಿ ಈ ವಾರ್ತೆ ಪ್ರಕಟವಾದಾಗ ವಿಜ್ಞಾನಲೋಕವು ಬೆರಗಾದುದು ಸಹಜವೇ.

ಆದರೆ ಆ ಬೆರಗಿನ ಬೆನ್ನಿಗೇ ಒಂದು ಚಿಂತೆಯೂ ಇತ್ತು. ಒಣ ಆರ್ಗಾನ್ ಅನಿಲದಲ್ಲಿ ಜೋಪಾನವಾಗಿಟ್ಟು, ಹದವಾದ ಪ್ರವಾಹದಲ್ಲಿ ಉರಿಸಿದರೂ, ಸುಮಾರು 100 ಗಂಟೆಗಳಲ್ಲಿ ಅದರ ಕಾಂತಿ ಅರ್ಧಕ್ಕೆ ಇಳಿಯುತ್ತಿತ್ತು. ದಿನಕ್ಕೆ ಐದು ಗಂಟೆ ನೋಡುವ ಮನೆಯಲ್ಲಿ ಅಂಥ ಪರದೆ ಇಪ್ಪತ್ತು ದಿನಕ್ಕೆ ಮಂಕಾಗಿಬಿಡುತ್ತಿತ್ತು. ತಿಂಗಳ ಬಾಡಿಗೆ ಕೊಡುವ ಮೊದಲೇ ಕೆಡುವ ಟೆಲಿವಿಷನ್ನನ್ನು ಕೊಳ್ಳುವವರಾರು?

ಇಬ್ಬರು ಪಥಿಕರ ಮಿಲನ

ಈ ದೀಪವು ಹೇಗೆ ಬೆಳಗುತ್ತದೆಂಬುದನ್ನು ಅರಿತರೆ, ಅದೇಕೆ ಸವೆಯುತ್ತದೆಂಬುದು ತಾನಾಗಿ ತಿಳಿಯುತ್ತದೆ.

ದೀಪದ ಒಂದು ಬದಿಯಲ್ಲಿ ಲೋಹದ ಋಣಧ್ರುವವಿದೆ; ಇನ್ನೊಂದು ಬದಿಯಲ್ಲಿ ಪಾರದರ್ಶಕವಾದ ಧನಧ್ರುವ. ಈ ಎರಡನೆಯದು ಇಂಡಿಯಂ ಮತ್ತು ತವರಗಳ ಆಕ್ಸೈಡಿನಿಂದಾದುದು. ಬೆಳಕು ಹೊರಬರಬೇಕಾದರೆ ಒಂದು ಬಾಗಿಲಾದರೂ ಪಾರದರ್ಶಕವಾಗಿರಬೇಕಷ್ಟೆ. ಋಣಧ್ರುವದಿಂದ ಎಲೆಕ್ಟ್ರಾನುಗಳು ಒಳಬರುತ್ತವೆ. ಧನಧ್ರುವದ ಕಡೆಯಲ್ಲಾದರೋ ಸಾವಯವ ಅಣುಗಳಿಂದ ಎಲೆಕ್ಟ್ರಾನುಗಳು ಹೊರಹೋಗಿ, ಅವುಗಳಿದ್ದ ಸ್ಥಾನಗಳು ಬರಿದಾಗುತ್ತವೆ. ಈ ಬರಿದು ಸ್ಥಾನಕ್ಕೆ ‘ರಂಧ್ರ’ವೆಂದು ಹೆಸರು. ಮದುವೆಯ ಊಟದ ಪಂಕ್ತಿಯಲ್ಲಿ ತುದಿಯ ಎಲೆಯೊಂದು ಖಾಲಿ ಇದ್ದು, ಪಕ್ಕದವರು ಅಲ್ಲಿಗೆ ಸರಿದು, ಅವರ ಪಕ್ಕದವರು ಅವರ ಎಲೆಗೆ ಸರಿದರೆ, ಜನರು ಒಂದು ದಿಕ್ಕಿಗೆ ಸರಿದಂತೆಲ್ಲ ಖಾಲಿ ಎಲೆಯು ಇನ್ನೊಂದು ದಿಕ್ಕಿಗೆ ಸಾಗುತ್ತದೆ. ರಂಧ್ರದ ಪ್ರಯಾಣವೂ ಹಾಗೆಯೇ. ಎದುರುಬದುರಾಗಿ ಹೊರಟ ಎಲೆಕ್ಟ್ರಾನು ಮತ್ತು ರಂಧ್ರ ನಡುವಿನ ಪದರದಲ್ಲಿ ಕೂಡಿದಾಗ ಆ ಮಿಲನದ ಶಕ್ತಿ ಬೆಳಕಾಗಿ ಹೊಮ್ಮುತ್ತದೆ.

ಕೂಟವು ಸುಸೂತ್ರವಾಗಿ ನಡೆಯಬೇಕಾದರೆ ಇಬ್ಬರೂ ಸಮಸಂಖ್ಯೆಯಲ್ಲಿ, ಸರಿಯಾದ ಕಾಲಕ್ಕೆ, ಸರಿಯಾದ ಸ್ಥಳಕ್ಕೆ ಬಂದು ಸೇರಬೇಕು. ಒಂದು ಪಕ್ಷದವರು ಗುಂಪುಗೂಡಿ ಕಾದು ನಿಂತರೆ ನೂಕುನುಗ್ಗಲಾಗುತ್ತದೆ, ಒತ್ತಡವನ್ನು ಏರಿಸಬೇಕಾಗುತ್ತದೆ, ಕಾವು ಹುಟ್ಟುತ್ತದೆ, ಅಣುಗಳು ಒಡೆಯುತ್ತವೆ. ಧನಧ್ರುವದ ಬಾಗಿಲಲ್ಲಿ ಆಗುತ್ತಿದ್ದುದು ಇದೇ. ಇಂಡಿಯಂ ಆಕ್ಸೈಡಿನಿಂದ ಸಾವಯವ ಪದರಕ್ಕೆ ಹೋಗಲು ರಂಧ್ರಗಳು ಎತ್ತರವಾದ ಹೊಸ್ತಿಲೊಂದನ್ನು ದಾಟಬೇಕಾಗಿತ್ತು. ಅದೂ ಸಾಲದೆಂಬಂತೆ ಆಕ್ಸೈಡಿನ ಮೈ ನೋಡಲು ನುಣುಪಾದರೂ ನಿಜದಲ್ಲಿ ಉಬ್ಬುತಗ್ಗುಗಳಿಂದ ಕೂಡಿದುದು. ಪದರವೇ ಅಷ್ಟೊಂದು ತೆಳುವಾಗಿರುವಾಗ ಒಂದು ಮುಳ್ಳಿನಂಥ ಉಬ್ಬು ಸಾಕು, ವಿದ್ಯುತ್ತು ಅಲ್ಲಿಯೇ ನುಗ್ಗಿ ದೀಪವನ್ನು ಸುಟ್ಟುಬಿಡಲು.

ಹೊಸ್ತಿಲಿಗೆ ಒಂದು ಮೆಟ್ಟಿಲು ಬೇಕಿತ್ತು. ಉಬ್ಬುತಗ್ಗುಗಳಿಗೆ ಒಂದು ಗಾರೆ ಬೇಕಿತ್ತು. ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಬಲ್ಲ ವಸ್ತುವೊಂದು ಬೇರೊಂದು ದಾರಿಯಲ್ಲಿ ಆಗಲೇ ಹುಟ್ಟಿ ಬೆಳೆಯುತ್ತಿತ್ತು.

ತಪ್ಪಿನಿಂದ ಹುಟ್ಟಿದ ಬೆಳ್ಳಿಯ ಪೊರೆ

ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡದು ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ಮಾತು. ತಾಮ್ರದ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕುವುದು ಆ ಕಾರಣದಿಂದಲೇ. ಈ ಮಾತಿಗೆ ಅಪವಾದವೊಂದು ದೊರೆತ ಬಗೆ ಸೋಜಿಗದ್ದು.

1967ರಲ್ಲಿ ಜಪಾನಿನ ಟೋಕಿಯೋ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಹಿಡೆಕಿ ಶಿರಾಕಾವಾ ಎಂಬ ತರುಣ ರಸಾಯನ ವಿಜ್ಞಾನಿ ಅಸಿಟಿಲೀನ್ ಅನಿಲದ ಅಣುಗಳನ್ನು ಮಣಿಗಳಂತೆ ಪೋಣಿಸಿ ಉದ್ದನೆಯ ಸರವನ್ನು ಮಾಡುವ ಕೆಲಸದಲ್ಲಿದ್ದರು. ಹೀಗೆ ಪೋಣಿಸಿದ ಸರಕ್ಕೆ ಪಾಲಿಮರ್ ಎನ್ನುತ್ತಾರೆ. ಆ ಪ್ರಯೋಗದಿಂದ ಸಾಮಾನ್ಯವಾಗಿ ದೊರೆಯುತ್ತಿದ್ದುದು ಕಪ್ಪು ಪುಡಿ. ಒಮ್ಮೆ ಅಲ್ಲಿಗೆ ಬಂದಿದ್ದ ಸಂಶೋಧಕರೊಬ್ಬರು ಪ್ರಮಾಣದ ಲೆಕ್ಕವನ್ನು ತಪ್ಪಾಗಿ ಗ್ರಹಿಸಿ, ವೇಗವರ್ಧಕವನ್ನು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಬೆರೆಸಿಬಿಟ್ಟರು. ಪಾತ್ರೆಯಲ್ಲಿ ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಪೊರೆಯೊಂದು ಮೂಡಿತ್ತು. ಪ್ರಯೋಗ ಕೆಟ್ಟಿತೆಂದು ಅದನ್ನು ಚೆಲ್ಲಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಶಿರಾಕಾವಾ ಅದನ್ನು ಚೆಲ್ಲಲಿಲ್ಲ.

ಮುಂದೆ 1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಿಯಾರ್ಮಿಡ್ ಉಪನ್ಯಾಸಕ್ಕೆಂದು ಟೋಕಿಯೋಗೆ ಬಂದಾಗ, ನಡುವಿನ ವಿರಾಮದಲ್ಲಿ ಈ ಪೊರೆಯ ಸುದ್ದಿ ಅವರ ಕಿವಿಗೆ ಬಿತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮ್ಯಾಕ್‌ಡಿಯಾರ್ಮಿಡ್ ಆಗ ಗಂಧಕ ಮತ್ತು ಸಾರಜನಕಗಳಿಂದಾದ, ಬಂಗಾರದ ಬಣ್ಣದ ಪಾಲಿಮರೊಂದರ ಬೆನ್ನು ಹತ್ತಿದ್ದರು. ಬಂಗಾರದವರು ಬೆಳ್ಳಿಯವರನ್ನು ತಮ್ಮಲ್ಲಿಗೆ ಆಹ್ವಾನಿಸಿದರು. 1976ರಲ್ಲಿ ಶಿರಾಕಾವಾ ಅಮೆರಿಕಕ್ಕೆ ಹೋದರು. ಭೌತವಿಜ್ಞಾನಿ ಅಲನ್ ಹೀಗರ್ ಅವರೂ ಜೊತೆಗೂಡಿದರು. ಆ ಪೊರೆಯನ್ನು ಅಯೋಡೀನಿನ ಆವಿಗೆ ಒಡ್ಡಿದಾಗ ಅದರ ವಿದ್ಯುದ್ವಾಹಕತೆ ಒಂದು ಕೋಟಿಯಷ್ಟು ಪಟ್ಟು ಏರಿತು!

ಇದರ ಗುಟ್ಟು ಆ ಸರದ ಕಟ್ಟಣೆಯಲ್ಲಿದೆ. ಅದರಲ್ಲಿ ಇಂಗಾಲದ ಪರಮಾಣುಗಳ ನಡುವೆ ಒಂಟಿ ಬಂಧ, ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ, ಹೀಗೆ ಸರತಿಯಾಗಿ ಬರುತ್ತವೆ. ಅಯೋಡೀನು ಈ ಸರದಿಂದ ಅಲ್ಲೊಂದು ಇಲ್ಲೊಂದು ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಪಂಕ್ತಿಯಲ್ಲಿ ಎಲೆ ಖಾಲಿಯಾದೊಡನೆ ಉಳಿದವರಿಗೆ ಸರಿಯಲು ಎಡೆ ದೊರೆಯುತ್ತದೆ, ವಿದ್ಯುತ್ತು ಹರಿಯುತ್ತದೆ. 1977ರಲ್ಲಿ ಪ್ರಕಟವಾದ ಈ ಕಾರ್ಯಕ್ಕಾಗಿ ಮೂವರಿಗೂ 2000ದಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಆ ಬೆಳ್ಳಿಯ ಪೊರೆಗೆ ಗಾಳಿ ಸೋಕಿದರೆ ಕೆಡುವ ದೋಷವಿತ್ತು. ಗಾಳಿಗೆ ಜಗ್ಗದ ಬೇರೆ ಪಾಲಿಮರುಗಳಿಗಾಗಿ ಹುಡುಕಾಟ ನಡೆಯಿತು. 1980ರ ದಶಕದ ಉತ್ತರಾರ್ಧದಲ್ಲಿ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ ಥಯೋಫೀನ್ ಎಂಬ ಗಂಧಕಯುಕ್ತ ಅಣುವಿನ ಪ್ರಭೇದವೊಂದರಿಂದ ಅಂಥ ಪಾಲಿಮರ್ ಸಿದ್ಧವಾಯಿತು. ಅದರ ಉದ್ದ ಹೆಸರನ್ನು ಮೊಟಕುಮಾಡಿ ‘ಪೆಡಾಟ್’ ಎನ್ನುತ್ತಾರೆ. ಅದು ಯಾವ ದ್ರವದಲ್ಲಿಯೂ ಕರಗದು. ಪಾಲಿಸ್ಟೈರೀನ್ ಸಲ್ಫೋನಿಕ್ ಆಮ್ಲವೆಂಬ ಇನ್ನೊಂದು ಪಾಲಿಮರಿನ ಜೊತೆಗೂಡಿಸಿದಾಗ ಮಾತ್ರ ನೀರಿನಲ್ಲಿ ಹರಡಿಕೊಂಡು, ಶಾಯಿಯಂಥ ಕಡುನೀಲಿ ದ್ರವವಾಯಿತು. ತೆಳುವಾಗಿ ಬಳಿದರೆ ನೀಲಿ ಬಣ್ಣ ಕಂಡೂ ಕಾಣದಷ್ಟು ತಿಳಿಯಾಗುತ್ತದೆ.

ಇದರ ಮೊದಲ ಉದ್ಯೋಗವೂ ಛಾಯಾಚಿತ್ರದ ಫಿಲ್ಮಿಗೆ ಸಂಬಂಧಿಸಿದುದೇ. ಒಣ ಹವೆಯಲ್ಲಿ ಫಿಲ್ಮಿನ ಸುರುಳಿಯನ್ನು ಬಿಚ್ಚುವಾಗ ತಿಕ್ಕಾಟದಿಂದ ವಿದ್ಯುತ್ತು ಹುಟ್ಟಿ, ಕಿಡಿ ಹಾರಿ, ಚಿತ್ರದ ಮೇಲೆ ಗುರುತು ಬೀಳುತ್ತಿತ್ತು. ಆ ವಿದ್ಯುತ್ತನ್ನು ಮೆಲ್ಲನೆ ಹರಿದುಹೋಗಗೊಡಲು ಈ ನೀಲಿ ದ್ರವವನ್ನು ಫಿಲ್ಮಿಗೆ ಬಳಿಯುತ್ತಿದ್ದರು.

ಮೆಟ್ಟಿಲೂ ಹೌದು, ಗಾರೆಯೂ ಹೌದು

ಈ ನಡುವೆ 1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೆರೆಮಿ ಬರೋಸ್, ಡೊನಾಲ್ಡ್ ಬ್ರ್ಯಾಡ್ಲಿ, ರಿಚರ್ಡ್ ಫ್ರೆಂಡ್ ಮತ್ತು ಸಂಗಡಿಗರು ಪಾಲಿಮರಿನಿಂದಲೇ ಬೆಳಕನ್ನು ಪಡೆದ ಸಮಾಚಾರವನ್ನು ಪ್ರಕಟಿಸಿದರು. ದ್ರವವಾಗಿ ಬಳಿಯಬಹುದಾದ ದೀಪವೆಂದರೆ, ವೃತ್ತಪತ್ರಿಕೆಯನ್ನು ಮುದ್ರಿಸುವಂತೆ ಪರದೆಗಳನ್ನು ಮುದ್ರಿಸಬಹುದೆಂಬ ಆಸೆ ಮೊಳೆಯಿತು. ಆದರೆ ಬೆಳಕು ಕ್ಷೀಣವಾಗಿತ್ತು, ಆಯುಷ್ಯವೂ ಅಲ್ಪವಾಗಿತ್ತು. ಪರೀಕ್ಷಿಸಿ ನೋಡಿದಾಗ ಇನ್ನೊಂದು ಸಂಗತಿ ಬಯಲಾಯಿತು: ಇಂಡಿಯಂ ಆಕ್ಸೈಡಿನಲ್ಲಿರುವ ಆಮ್ಲಜನಕವೇ ಪಕ್ಕದ ಪಾಲಿಮರಿಗೆ ತಗುಲಿ ಅದನ್ನು ಕೆಡಿಸುತ್ತಿತ್ತು. ಹೊರಗಿನ ಗಾಳಿಯನ್ನು ತಡೆದರೂ ಶತ್ರು ಮನೆಯೊಳಗೇ ಇದ್ದ.

1990ರ ದಶಕದಲ್ಲಿ ವಿಜ್ಞಾನಿಗಳು ಈ ಎರಡರ ನಡುವೆ ವಿದ್ಯುದ್ವಾಹಕ ಪಾಲಿಮರಿನ ತೆಳುಪದರವೊಂದನ್ನು ಹಾಸಿ ನೋಡಿದರು. ಮೊದಲು ಪಾಲಿಅನಿಲೀನ್, ಬಳಿಕ ಪೆಡಾಟ್. ಗಾರೆಯಂತೆ ಅದು ಆಕ್ಸೈಡಿನ ಉಬ್ಬುತಗ್ಗುಗಳನ್ನು ಮುಚ್ಚಿತು. ಮೆಟ್ಟಿಲಿನಂತೆ ರಂಧ್ರಗಳಿಗೆ ಹೊಸ್ತಿಲನ್ನು ದಾಟಿಸಿತು. ಗೋಡೆಯಂತೆ ಆಮ್ಲಜನಕವನ್ನು ದೂರವಿಟ್ಟಿತು. ಕಡಮೆ ಒತ್ತಡದಲ್ಲಿ ಹೆಚ್ಚು ಬೆಳಕು ಬಂದುದಲ್ಲದೆ ದೀಪದ ಆಯುಷ್ಯವೂ ಬೆಳೆಯಿತು.

ಕೊಡಕ್ ಕಂಪನಿಯವರು ತಮ್ಮ ಸಣ್ಣ ಅಣುಗಳ ದೀಪದಲ್ಲಿಯೂ ಇದೇ ಉಪಾಯವನ್ನು ಬೇರೊಂದು ವಸ್ತುವಿನಿಂದ ಸಾಧಿಸಿದರು. ಬಣ್ಣ ಮತ್ತು ಶಾಯಿಗಳಿಗೆ ನೀಲಿಯನ್ನು ಕೊಡುವ ತಾಮ್ರದ ಥ್ಯಾಲೊಸಯನೀನ್ ಎಂಬ ವರ್ಣದ್ರವ್ಯವನ್ನು ಅವರು ಧನಧ್ರುವದ ಮೇಲೆ ಹಾಸಿದರು. 1996ರಲ್ಲಿ ಅವರು ಪ್ರಕಟಿಸಿದ ದೀಪವು ಮೊದಲಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಪ್ರಕಾಶದಿಂದ ಬೆಳಗಿಯೂ, ಅರ್ಧಕಾಂತಿಗೆ ಇಳಿಯಲು ಸುಮಾರು 4,000 ಗಂಟೆಗಳನ್ನು ತೆಗೆದುಕೊಂಡಿತು. ಮರುವರ್ಷವೇ ಜಪಾನಿನ ಪಯೊನೀರ್ ಕಂಪನಿಯ ಕಾರಿನ ರೇಡಿಯೋಗಳಲ್ಲಿ ಇಂಥ ಹಸಿರು ಫಲಕ ಮಾರುಕಟ್ಟೆಗೆ ಬಂದಿತು.

ಬೇಲಿಯೇ ಹೊಲ ಮೇಯ್ದಾಗ

ಇಷ್ಟಾದ ಮೇಲೆ ಎಲ್ಲವೂ ಸುಖಾಂತವಾಗಬೇಕಿತ್ತು. ಆದರೆ ಪೆಡಾಟಿನ ಜೊತೆಗಾರನಾದ ಆ ಸಲ್ಫೋನಿಕ್ ಆಮ್ಲವು ಹೆಸರಿಗೆ ತಕ್ಕಂತೆ ಆಮ್ಲವೇ. 2000ದ ಸುಮಾರಿಗೆ ನಡೆದ ಪರೀಕ್ಷೆಗಳು ಅದರ ಅವಗುಣವನ್ನು ಹೊರಗೆಡಹಿದವು. ಕಾಪಾಡಲೆಂದು ಹಾಸಿದ ಪದರವೇ ಕೆಳಗಿನ ಇಂಡಿಯಂ ಆಕ್ಸೈಡನ್ನು ಮೆಲ್ಲಮೆಲ್ಲನೆ ಕೊರೆಯುತ್ತಿತ್ತು. ಕೊರೆದ ಇಂಡಿಯಂ ಪರಮಾಣುಗಳು ಮೇಲಿನ ಪದರಗಳಿಗೆ ಸೇರಿಕೊಳ್ಳುತ್ತಿದ್ದವು. ಗಾಳಿಯ ತೇವವನ್ನು ಹೀರುವ ಸ್ವಭಾವವೂ ಅದಕ್ಕಿದ್ದುದರಿಂದ ಈ ಕೊರೆತ ಇನ್ನಷ್ಟು ಚುರುಕಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಹಾಗೆಂದು ಬೇಲಿಯನ್ನು ಕಿತ್ತೆಸೆಯುವಂತಿರಲಿಲ್ಲ. ಕೆಲವರು ಆಮ್ಲದ ತೀಕ್ಷ್ಣತೆಯನ್ನು ಶಮನಗೊಳಿಸಿದರು. ಕೆಲವರು ಫ್ಲೋರೀನ್‌ಯುಕ್ತವಾದ ಬೇರೆ ಪಾಲಿಮರುಗಳನ್ನು ಜೊತೆಮಾಡಿದರು. ಕೇಂಬ್ರಿಜಿನವರು ಪೆಡಾಟಿಗೂ ಬೆಳಗುವ ಪಾಲಿಮರಿಗೂ ನಡುವೆ ಇನ್ನೊಂದು ಅತಿತೆಳು ಪದರವನ್ನಿಟ್ಟರು. ಒಂದು ಮದ್ದು ಹೊಸ ನೋವನ್ನು ತಂದರೆ, ಮದ್ದನ್ನು ಬಿಡದೆ ಪಥ್ಯವನ್ನು ಬದಲಿಸುವ ವೈದ್ಯನ ಕ್ರಮವಿದು.

ನೀರಿನ ಕಾಟ ಧನಧ್ರುವದ ಕಡೆಗಷ್ಟೇ ಮೀಸಲಲ್ಲ. ಋಣಧ್ರುವದ ಲೋಹದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ತೇವ ಒಳನುಗ್ಗಿ ಕಪ್ಪು ಚುಕ್ಕೆಗಳನ್ನು ಮಾಡುತ್ತದೆ; ಚುಕ್ಕೆಗಳು ದಿನದಿನಕ್ಕೆ ಹಿಗ್ಗುತ್ತವೆ. ಆದುದರಿಂದ ದೀಪವನ್ನು ಬಿಗಿಯಾಗಿ ಮುಚ್ಚಬೇಕು. ಎಷ್ಟು ಬಿಗಿಯಾಗಿ? ಚದರ ಮೀಟರಿನ ಹೊದಿಕೆಯ ಮೂಲಕ ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಹೆಚ್ಚು ನೀರಾವಿ ನುಸುಳಬಾರದೆಂದು ತಜ್ಞರು ಗೊತ್ತುಪಡಿಸಿದ್ದಾರೆ. ಈ ಲೆಕ್ಕದಲ್ಲಿ ಒಂದೇ ಒಂದು ಗ್ರಾಂ ನೀರು ಒಳಸೇರಲು 2,700 ವರ್ಷಗಳು ಬೇಕು! ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ತೇವ ಸೋಕದಂತೆ ಕಾಯುವ ಗೃಹಿಣಿಯೂ ಈ ಜಾಗರೂಕತೆಗೆ ತಲೆದೂಗಿಯಾಳು.

ನೀಲಿಯ ಸಂಕಟ

ಪರದೆಯ ಚಿತ್ರವು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣ. ಇವುಗಳಲ್ಲಿ ನೀಲಿಯೇ ಅಲ್ಪಾಯು. ಕೆಂಪು ಬೆಳಕಿನ ಕಣಕ್ಕಿಂತ ನೀಲಿಯ ಕಣದಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಶಕ್ತಿ ಹೆಚ್ಚು. ಅಷ್ಟು ಶಕ್ತಿಯನ್ನು ಹೊತ್ತ ಅಣುವು ಅದನ್ನು ಬೆಳಕಾಗಿ ಬಿಡುವ ಬದಲು ಕೆಲವೊಮ್ಮೆ ತನ್ನ ಬಂಧವನ್ನೇ ಮುರಿದುಕೊಳ್ಳುತ್ತದೆ. ಅನೇಕ ಫೋನುಗಳ ಪರದೆಯಲ್ಲಿ ನೀಲಿಯ ಬಿಂದುಗಳನ್ನು ಉಳಿದವುಗಳಿಗಿಂತ ದೊಡ್ಡದಾಗಿ ಮಾಡಿರುವುದು ಇದಕ್ಕಾಗಿಯೇ. ಹೊರೆಯನ್ನು ಹೆಚ್ಚು ಸ್ಥಳಕ್ಕೆ ಹಂಚಿದರೆ ಪ್ರತಿಯೊಂದು ಅಣುವಿನ ಪಾಲು ಹಗುರವಾಗುತ್ತದೆ.

ಇತರ ಉಪಾಯಗಳೂ ಬಂದಿವೆ. ಅಣುವಿನಲ್ಲಿರುವ ಜಲಜನಕದ ಬದಲು ಭಾರಜಲಜನಕವನ್ನು ಕೂಡಿಸಿದರೆ ಬಂಧವು ಗಟ್ಟಿಯಾಗಿ ನಿಲ್ಲುತ್ತದೆ. ಕೊರಿಯಾದ ಎಲ್‌ಜಿ ಸಂಸ್ಥೆ 2021ರಲ್ಲಿ ಇಂಥ ಟೆಲಿವಿಷನ್ ಫಲಕಗಳನ್ನು ಘೋಷಿಸಿತು. ಒಂದರ ಮೇಲೊಂದು ಎರಡು ದೀಪಗಳನ್ನು ಪೇರಿಸಿ, ಅರ್ಧರ್ಧ ದುಡಿಸುವ ಕ್ರಮವೂ ಇದೆ. 2024ರಲ್ಲಿ ಬಂದ ಆಪಲ್ ಕಂಪನಿಯ ಐಪ್ಯಾಡ್ ಪ್ರೊ ಪರದೆ ಈ ಬಗೆಯದು. ಈ ದೀಪಗಳ ವಿಷಯದಲ್ಲಿ ಪ್ರಕಾಶವನ್ನು ಅರ್ಧಕ್ಕೆ ಇಳಿಸಿದರೆ ಆಯುಷ್ಯವು ಬರಿಯ ಎರಡು ಪಟ್ಟಲ್ಲ, ಅದಕ್ಕಿಂತಲೂ ಹೆಚ್ಚಾಗುತ್ತದೆ. ಆದುದರಿಂದ ಸಂಜೆಯ ಹೊತ್ತು ಕೋಣೆಯಲ್ಲಿ ಕುಳಿತು ನೋಡುವಾಗ ಪರದೆಯ ಕಾಂತಿಯನ್ನು ತಗ್ಗಿಸುವುದು, ಒಂದೇ ಚಿತ್ರವನ್ನು ಗಂಟೆಗಟ್ಟಲೆ ನಿಲ್ಲಿಸದಿರುವುದು ಕಣ್ಣಿಗೂ ಹಿತ, ಪರದೆಗೂ ಹಿತ.

ಪಾಲಿಮರಿನಿಂದ ಪರದೆಗಳನ್ನು ಮುದ್ರಿಸುವ ಆಸೆ ಎಣಿಸಿದಷ್ಟು ಬೇಗ ಕೈಗೂಡಲಿಲ್ಲ. ಇಂದಿನ ಫೋನುಗಳ ಪರದೆಗಳಲ್ಲಿ ನಿರ್ವಾತದಲ್ಲಿ ಆವಿಯಾಗಿಸಿ ಲೇಪಿಸಿದ ಸಣ್ಣ ಅಣುಗಳದೇ ಮೇಲುಗೈ. ಹಾಗಿದ್ದರೂ ಧನಧ್ರುವದ ಬಳಿಯ ಪದರದಿಂದ ಎಲೆಕ್ಟ್ರಾನುಗಳನ್ನು ಕಸಿದು ದಾರಿ ತೆರೆಯುವ ಅಯೋಡೀನಿನ ಪಾಠ ಅಲ್ಲಿಯೂ ನಡೆದಿದೆ. ಪೆಡಾಟಾದರೋ ಗಣಕಯಂತ್ರಗಳೊಳಗಿನ ಕೆಪ್ಯಾಸಿಟರುಗಳಲ್ಲಿ ನೆಲೆಯಾದ ಉದ್ಯೋಗವನ್ನು ಪಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂಥ ಪಾಲಿಮರುಗಳ ಮೇಲೆ ಸಂಶೋಧನೆ ನಡೆದಿದೆ.

ಈ ಬೆಳಕಿಗೆ ಜನ್ಮವಿತ್ತ ಕೊಡಕ್ ಕಂಪನಿ ಮಾತ್ರ ಅದರ ಏಳಿಗೆಯ ಫಲವನ್ನು ಉಣ್ಣಲಿಲ್ಲ. 2009ರಲ್ಲಿ ಅದು ತನ್ನ ಈ ವಿಭಾಗವನ್ನು ಎಲ್‌ಜಿ ಸಮೂಹಕ್ಕೆ ಮಾರಿತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಅಲ್ಲಿ 100 ಗಂಟೆಗಳಿಗೆ ಮಂಕಾಗುತ್ತಿದ್ದ ದೀಪ ಈಗ ವರ್ಷಗಟ್ಟಲೆ ಮನೆಮನೆಯಲ್ಲಿ ಬೆಳಗುತ್ತಿದೆ. ಇಷ್ಟು ಆಯುಷ್ಯ ಅದಕ್ಕೆ ಒಂದೇ ವರದಿಂದ ಬಂದುದಲ್ಲ. ಒಂದು ತೂತನ್ನು ಮುಚ್ಚಿ, ಇನ್ನೊಂದನ್ನು ಹುಡುಕಿ, ಮುಚ್ಚಿದ್ದು ಸೋರಿದಾಗ ಮತ್ತೆ ಮುಚ್ಚಿದವರ ತಾಳ್ಮೆಯಿಂದ ಬಂದುದು. ಪರದೆಯ ಮೂಲೆಯ ಆ ಮಸುಕು ಛಾಯೆಯು ಅವರ ಕೆಲಸ ಇನ್ನೂ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.